ಹೋಪ್‌ವೆಲ್‌ನ ಇದ್ದಿಲು ಕುಲುಮೆ: ಎಲ್ಲಿಂದ ನೋಡತೊಡಗಬೇಕು?

ಪ್ರಶ್ನೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ತಂದೆ ಮುಂದಿನ ತಿಂಗಳು ಫಿಲಡೆಲ್ಫಿಯಾಕ್ಕೆ, ನಮ್ಮ ಮನೆಗೆ ಬರುತ್ತಿದ್ದಾರೆ. ಅವರನ್ನು ಪೆನ್ಸಿಲ್ವೇನಿಯಾದ ಹಳ್ಳಿಗಾಡಿನಲ್ಲಿರುವ ಹೋಪ್‌ವೆಲ್ ಫರ್ನೇಸ್‌ಗೆ ಕರೆದೊಯ್ಯಬೇಕೆಂದಿದ್ದೇನೆ. ಹಿಂದೊಮ್ಮೆ ನಾನೊಬ್ಬನೇ ಹೋಗಿದ್ದಾಗ ಕುಲುಮೆ, ನೀರಿನ ಚಕ್ರ, ಮಾಲೀಕರ ದೊಡ್ಡ ಮನೆ ಇವಿಷ್ಟನ್ನು ಒಂದು ತಾಸಿನಲ್ಲಿ ನೋಡಿ ಮುಗಿಸಿದೆ. ಆದರೆ ಇಂಥ ಕಾರ್ಖಾನೆ ಕಾಡಿನ ನಡುವೆ ಏಕೆ ಹುಟ್ಟಿತು ಎಂಬುದು ಮನಸ್ಸಿಗೆ ನಾಟಲಿಲ್ಲ. ಈ ಬಾರಿ ಹಾಗಾಗಬಾರದು. ಎಲ್ಲಿಂದ ಆರಂಭಿಸಲಿ?

ಉತ್ತರ 1

ದಯವಿಟ್ಟು ಕಾಡಿನಿಂದ ಆರಂಭಿಸಿ. ಪಕ್ಕದ ಫ್ರೆಂಚ್ ಕ್ರೀಕ್ ಉದ್ಯಾನದ ಕಾಲುದಾರಿಗಳಲ್ಲಿ ನಡೆಯುವಾಗ, ಇಳಿಜಾರಿನ ನಡುವೆ ನಮ್ಮೂರ ಒಕ್ಕಣೆಯ ಕಣದಂತೆ ದುಂಡಗೆ, ಮಟ್ಟಸವಾಗಿರುವ ಜಾಗಗಳು ಅಲ್ಲಲ್ಲಿ ಕಾಣಸಿಗುತ್ತವೆ. ತರಗೆಲೆಯ ಕೆಳಗಿನ ಮಣ್ಣು ಈಗಲೂ ಕರ್ರಗಿದೆ. ಇದ್ದಿಲು ಸುಡುವವರು ಅಲ್ಲಿ ಸೌದೆಯನ್ನು ಗುಡ್ಡೆಯಾಗಿ ಒಟ್ಟಿ, ಎಲೆ ಮತ್ತು ಮಣ್ಣಿನಿಂದ ಮುಚ್ಚಿ, ಸುಮಾರು ಎರಡು ವಾರ ಒಳಗೊಳಗೇ ಬೇಯಿಸುತ್ತಿದ್ದರು. ಎಲ್ಲಿಯಾದರೂ ಮುಚ್ಚಿಗೆ ಕುಸಿದು ಗಾಳಿ ನುಗ್ಗಿದರೆ ಇಡೀ ಗುಡ್ಡೆ ಹೊತ್ತಿ ಬೂದಿಯಾಗುತ್ತಿದ್ದುದರಿಂದ, ಅವರು ಪಕ್ಕದ ಗುಡಿಸಲಿನಲ್ಲೇ ಮಲಗಿ, ಆಗಾಗ ಎದ್ದು ಆ ಬಿಸಿ ಗುಡ್ಡೆಯ ಮೇಲೆ ಹತ್ತಿ, ಮೆತ್ತಗಾದ ಜಾಗವನ್ನು ಕಾಲಿನಿಂದಲೇ ಪರೀಕ್ಷಿಸಿ ಮುಚ್ಚಬೇಕಿತ್ತು.

ಇದನ್ನು ಕಂಡ ಮೇಲೆ ಕಣಿವೆಗಿಳಿದರೆ ಕುಲುಮೆ ತಾನಾಗಿಯೇ ಅರ್ಥವಾಗುತ್ತದೆ. ಅದು ಉರಿಯುವ ದಿನಗಳಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಎಕರೆ ಕಾಡು ಬೇಕಾಗುತ್ತಿತ್ತು. ಇದ್ದಿಲು, ಅದಿರು, ಸುಣ್ಣಕಲ್ಲುಗಳನ್ನು ಮೇಲಿನ ಬಾಯಿಂದ ಸುರಿಯುತ್ತಿದ್ದರು. ನೀರಿನ ಚಕ್ರ ಗಾಳಿಯೂದುವ ಯಂತ್ರವನ್ನು ನಡೆಸುತ್ತಿತ್ತು. ಕೆಳಗೆ ಕರಗಿ ಹರಿದ ಬೀಡನ್ನು ಮರಳಿನ ಅಚ್ಚುಗಳಲ್ಲಿ ಎರಕ ಹೊಯ್ದು ಒಲೆಯ ಹಲಗೆಗಳನ್ನು ಮಾಡುತ್ತಿದ್ದರು. ಮಾರ್ಕ್ ಬರ್ಡ್ 1771ರಲ್ಲಿ ಕಟ್ಟಿಸಿದ ಈ ಕುಲುಮೆ ಅಮೆರಿಕದ ಸ್ವಾತಂತ್ರ್ಯ ಸಮರಕ್ಕೆ ಫಿರಂಗಿ, ಗುಂಡುಗಳನ್ನು ಒದಗಿಸಿತು. ಅದೇ ಬರ್ಡ್ ಗುಲಾಮರನ್ನು ಇಟ್ಟುಕೊಂಡಿದ್ದನೆಂಬುದನ್ನೂ ದೊಡ್ಡ ಮನೆಯ ಮುಂದೆ ನಿಂತಾಗ ತಂದೆಯವರಿಗೆ ತಿಳಿಸಿ. ಕಲ್ಲಿದ್ದಲಿನ ಕುಲುಮೆಗಳ ಅಗ್ಗದ ಕಬ್ಬಿಣದ ಮುಂದೆ ನಿಲ್ಲಲಾರದೆ 1883ರಲ್ಲಿ ಬೆಂಕಿ ಆರಿತು. ನೀವು ಅಲ್ಲಿ ನೋಡುವ ಮರಗಳು ಕಡಿದ ಬುಡಗಳಿಂದ ಮತ್ತೆ ಚಿಗುರಿ ಬೆಳೆದ ಕಾಡು.

ಉತ್ತರ 2

ಸಂದರ್ಶಕರ ಕೇಂದ್ರ ಎತ್ತರದಲ್ಲಿದ್ದು, ಹಳ್ಳಿ ಕೆಳಗಿದೆ. ಹಿರಿಯರಿಗೆ ಇಳಿಯುವುದು ಸುಲಭ, ಹಿಂದಿರುಗಿ ಹತ್ತುವಾಗ ನಿಧಾನ ಮಾಡಬೇಕು. ಸೇಬಿನ ಕಾಲದಲ್ಲಿ ಹೋದರೆ ಅಲ್ಲಿನ ತೋಟದ ಚೆಲುವನ್ನೂ ನೋಡಬಹುದು.

ಉತ್ತರ 3

ನಿಮ್ಮ ತಂದೆಯವರಿಗೆ ಹೇಳಬೇಕಾದದ್ದಕ್ಕಿಂತ ಅವರಿಂದ ಕೇಳಬೇಕಾದದ್ದೇ ಹೆಚ್ಚಿರಬಹುದು. ಹೋಪ್‌ವೆಲ್ ಆರಿ 40 ವರ್ಷಗಳಾದ ಮೇಲೆ, 1923ರಲ್ಲಿ, ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡದ್ದು ಇದ್ದಿಲಿನಿಂದಲೇ. ಅದಿರು ಕೆಮ್ಮಣ್ಣುಗುಂಡಿಯದು, ಸೌದೆ ಮಲೆನಾಡಿನದು. ಒಂದು ವ್ಯತ್ಯಾಸವನ್ನು ಮಾತ್ರ ಅವರು ಆ ಕರಿಮಣ್ಣಿನ ಕಣದ ಮೇಲೆ ನಿಂತು ವಿವರಿಸಿದರೆ ಚೆನ್ನ: ಹೋಪ್‌ವೆಲ್‌ನಲ್ಲಿ ಗುಡ್ಡೆಯ ಹೊಗೆಯೆಲ್ಲ ಗಾಳಿಗೆ ಹೋಯಿತು, ಭದ್ರಾವತಿಯಲ್ಲಿ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಆ ಹೊಗೆಯನ್ನೇ ತಣಿಸಿ ಟಾರು ಮತ್ತು ಮರದ ಸ್ಪಿರಿಟ್ಟನ್ನು ತೆಗೆಯುತ್ತಿದ್ದರು.