ಸೀಸದ ಜಿಗ್ ಮೇಲೆ ಬಣ್ಣ ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಬೋರ್ಡ್‌ಬರಹ:

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷ ಬೋರ್ಡ್ ಬರೆದ ಕೈ ನನ್ನದು. ತಗಡು, ಮರ, ಗಾಜು, ಗೋಡೆ, ಲಾರಿಯ ಹಿಂಬಾಗಿಲು, ಎಲ್ಲದರ ಮೇಲೂ ಬಣ್ಣ ನಿಲ್ಲಿಸಿದ್ದೇನೆ. ಈಗ ಹೆಬ್ಬೆರಳಿನ ಉಗುರಿನಷ್ಟಿರುವ ಸೀಸದ ಗುಂಡಿನ ಮುಂದೆ ಸೋತು ಕೂತಿದ್ದೇನೆ. ನಗಬೇಡಿ.

ಗಾಳದ ಹುಚ್ಚು ಮೊದಲಿನಿಂದಲೂ ಇತ್ತು. ಜಿಗ್‌ಗಳನ್ನು, ಅಂದರೆ ಸೀಸದ ತಲೆ ಕೂರಿಸಿದ ಗಾಳಗಳನ್ನು, ನಾನೇ ಎರಕ ಹೊಯ್ಯಲು ಶುರುಮಾಡಿ ನಾಲ್ಕು ತಿಂಗಳಾಯಿತು. ಎರಡು ಹೋಳಿನ ಅಲ್ಯೂಮಿನಿಯಂ ಅಚ್ಚು, 7 ಗ್ರಾಂ ಮತ್ತು 10 ಗ್ರಾಂನ ಗುಂಡುತಲೆ. ಗಾಡಿ ಚಕ್ರಕ್ಕೆ ಬ್ಯಾಲೆನ್ಸಿಂಗ್‌ಗೆಂದು ಹೊಡೆಯುವ ತೂಕಗಳು, ನೀರು ಇಳಿದಾಗ ಕಲ್ಲುಸಂದಿಯಲ್ಲಿ ಹೆಕ್ಕಿದ ಹಳೇ ಗಾಳದ ಗುಂಡುಗಳು, ಇವೇ ನನ್ನ ಸೀಸ.

ಎನಾಮೆಲ್ ಎರಡು ಕೋಟು, ಮೇಲೆ ವಾರ್ನಿಷ್. ಅಂಗೈಯಲ್ಲಿ ಇಟ್ಟುಕೊಂಡರೆ ಒಡವೆಯ ಹಾಗಿರುತ್ತದೆ. ನೀರಿಗೆ ಎಸೆದು ಮೂರನೇ ಸಲ ಎಳೆದುಕೊಳ್ಳುವಷ್ಟರಲ್ಲಿ ಮೂಗಿನ ಬಣ್ಣ ಹೋಗಿರುತ್ತದೆ, ಐದಾರನೇ ಸಲಕ್ಕೆ ಒಂದು ಕೆನ್ನೆ ಪೂರ್ತಿ ಮೊಟ್ಟೆಯ ಸಿಪ್ಪೆಯಂತೆ ಎದ್ದುಬರುತ್ತದೆ. ಎದ್ದ ಚೂರನ್ನು ತಿರುಗಿಸಿ ನೋಡಿದರೆ ಒಳಬದಿಯಲ್ಲಿ ತೆಳ್ಳಗೆ ಕಪ್ಪು. ಉಪ್ಪುಕಾಗದ ಹಾಕಿ ತಿಕ್ಕಿ ನೋಡಿದೆ, ಸ್ವಲ್ಪ ವಾಸಿ, ಅಷ್ಟೇ. ಒಬ್ಬರು ವಿನಿಗರ್‌ನಲ್ಲಿ ರಾತ್ರಿಯಿಡೀ ನೆನೆಸು ಎಂದರು. ಬೆಳಿಗ್ಗೆ ನೋಡಿದರೆ ಗುಂಡಿನ ಮೇಲೆ ಬೂದಿ ಬಡಿದಂತೆ ಬಿಳಿ ಪುಡಿ. ಅದರ ಮೇಲೆ ಹಚ್ಚಿದ ಬಣ್ಣ ಇನ್ನೂ ಬೇಗ ಹೋಯಿತು.

ಇನ್ನೆರಡು ತಲೆನೋವು. ಫ್ಲೋರೊಸೆಂಟ್ ಕಿತ್ತಳೆ ಹಚ್ಚಿದರೆ ಇಟ್ಟಿಗೆ ಬಣ್ಣ ಬರುತ್ತದೆ. ಮತ್ತೆ, ಜಿಗ್‌ಗೆ ಸಿಕ್ಕಿಸುವ ಮೆತ್ತನೆ ಪ್ಲಾಸ್ಟಿಕ್ ಬಾಲಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟ ಜಿಗ್‌ಗಳ ಬಣ್ಣ ವಾರದಲ್ಲಿ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ತಿಳಿದವರು ಹೇಳಿ.

ತೇಲುಬೆಂಡು:

ಗುರುಗಳೇ, ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ನಾನು ನೇಲ್ ಪಾಲಿಶ್ ಹಚ್ಚುತ್ತೇನೆ, ಹೋದರೆ ದಡದಲ್ಲೇ ಕೂತು ಮತ್ತೆ ಹಚ್ಚುತ್ತೇನೆ. ಬಣ್ಣ ಪೂರ್ತಿ ಹೋದ ಜಿಗ್‌ಗೂ ಮೀನು ಬಿದ್ದಿದೆ. ಬಣ್ಣ ಹಿಡಿಯುವುದು ನಮ್ಮನ್ನು, ಮೀನನ್ನು ಹಿಡಿಯುವುದು ಜಿಗ್ ಇಳಿಯುವ ರೀತಿ.

ಸೌಟುಗಾರ:

ತೇಲುಬೆಂಡು ಹೇಳಿದ್ದು ಅರ್ಧ ನಿಜ, ಆದರೆ ಬಣ್ಣದವರಿಗೆ ಬಣ್ಣ ಬೇಡ ಎಂದರೆ ಹೇಗೆ?

ಬೋರ್ಡ್‌ಬರಹ ಅಣ್ಣ, ಉತ್ತರ ನೀವೇ ಬರೆದಿದ್ದೀರಿ. ಚೂರಿನ ಒಳಬದಿ ಕಪ್ಪು ಎಂದಿರಲ್ಲ, ಅಲ್ಲಿದೆ. ಅಚ್ಚಿಗೆ ಮೇಣದಬತ್ತಿಯ ಮಸಿ ಹಿಡಿಸುತ್ತೀರಿ, ಪ್ರತಿ ಸಲ ಹೊಯ್ಯುವ ಮುಂಚೆ. ಹೌದೋ ಅಲ್ಲವೋ? ಮಸಿ ಹಿಡಿಸಿದರೆ ಸೀಸ ಅಚ್ಚಿನ ಮೂಲೆಗೂ ಹರಿಯುತ್ತದೆ ನಿಜ, ಆದರೆ ಎರಕಕ್ಕೆ ಕೂತ ದಿನ ಅದು ಒಂದು ಸಲ ಸಾಕು. ಮೊದಲ ನಾಲ್ಕೈದು ಎರಕ ಆ ಮಸಿಯನ್ನು ಹೊತ್ತುಕೊಂಡು ಬರುತ್ತವೆ, ಅವನ್ನು ಮತ್ತೆ ಪಾತ್ರೆಗೇ ಹಾಕಿ. ಅಷ್ಟರಲ್ಲಿ ಅಚ್ಚೂ ಕಾದಿರುತ್ತದೆ. ನೀವು ಇಷ್ಟು ದಿನ ಬಣ್ಣ ಹಚ್ಚಿದ್ದು ಸೀಸಕ್ಕಲ್ಲ, ಮಸಿಗೆ. ಧೂಳು ಒರೆಸದೆ ತಗಡಿಗೆ ಪ್ರೈಮರ್ ಹೊಡೆದ ಹುಡುಗನಿಗೆ ನೀವು ಏನು ಬೈಯುತ್ತಿದ್ದಿರೋ ಅದನ್ನೇ ನಿಮಗೆ ಅಂದುಕೊಳ್ಳಿ.

ಮೈ ಸುಕ್ಕುಸುಕ್ಕಾಗಿ ಬಂದರೆ ಅಚ್ಚೋ ಸೀಸವೋ ತಣ್ಣಗಿದೆ ಎಂದರ್ಥ. ಮಂಜು ಕೂತಂತೆ ಮಂಕಾಗಿ ಬಂದರೆ ಕಾವು ಹೆಚ್ಚಾಗಿದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ. ನಾನು 380ರ ಆಸುಪಾಸಿನಲ್ಲಿ ಹೊಯ್ಯುತ್ತೇನೆ. ಸೌಟನ್ನೂ ಪಾತ್ರೆಯ ಮೇಲೆ ಹಿಡಿದು ಕಾಯಿಸಿಕೊಳ್ಳುತ್ತೇನೆ. ಮೇಲೆ ಕೆನೆಗಟ್ಟುವ ಕಿಟ್ಟವನ್ನು ಒಂದು ಚೂರು ಮೇಣ ಹಾಕಿ ಕದಡಿ ತೆಗೆಯಿರಿ. ಮೇಣ ಭಗ್ಗನೆ ಹತ್ತಿಕೊಳ್ಳುತ್ತದೆ, ಮುಖ ದೂರ ಇರಲಿ.

ಇನ್ನು ಬೈಯುವ ಸರದಿ. ಕಲ್ಲುಸಂದಿಯಲ್ಲಿ ಹೆಕ್ಕಿದ ಗುಂಡು ಎಂದಿರಲ್ಲ, ಅದನ್ನು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಹಳೇ ಗುಂಡಿನ ಹೊಟ್ಟೆಯಲ್ಲಿ ಟೊಳ್ಳಿದ್ದರೆ ಅದರಲ್ಲಿ ನೀರು ಕೂತಿರುತ್ತದೆ. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕರಗಿದ ಸೀಸದ ಮೇಲೆ ಬಿದ್ದ ಹನಿ ಚುರ್ ಎಂದು ಓಡಿಹೋಗಬಹುದು. ಒಳಗೆ ಮುಳುಗಿದ ನೀರು ಹಾಗಲ್ಲ, ಪಾತ್ರೆಯಲ್ಲಿದ್ದ ಸೀಸವನ್ನೇ ನಿಮ್ಮ ಮುಖಕ್ಕೆ ಎರಚುತ್ತದೆ. ನನಗೆ ಒಂದು ಸಲ ಆಗಿದೆ. ಒದ್ದೆ ಇದೆ ಎಂದು ಅನುಮಾನ ಬಂದಿತ್ತು, ಪರವಾಗಿಲ್ಲ ಎಂದು ಹಾಕಿದೆ. ಗೋಡೆಯ ಮೇಲೆ ಬೆಳ್ಳಿಯ ಹನಿಗಳು ಇವತ್ತಿಗೂ ಇವೆ, ಒಂದು ಹನಿ ಕನ್ನಡಕದ ಗಾಜಿನ ಮೇಲೆ ಹೆಪ್ಪುಗಟ್ಟಿತ್ತು. ಆ ಕನ್ನಡಕವನ್ನು ಎಸೆದಿಲ್ಲ. ಹೆಕ್ಕಿದ ಮಾಲನ್ನು ತಣ್ಣನೆ ಪಾತ್ರೆಗೆ ಮೊದಲೇ ಹಾಕಿ, ಪಾತ್ರೆಯ ಜೊತೆಗೇ ನಿಧಾನ ಕಾಯಿಸಿ. ಕರಗಿದ್ದಕ್ಕೆ ಆಮೇಲೆ ಅಂಥ ಮಾಲನ್ನು ಎಸೆಯಬೇಡಿ.

ಚಕ್ರದ ತೂಕದಲ್ಲಿ ಈಗ ಸತುವಿನದ್ದೂ ಬರುತ್ತದೆ. ಉಗುರಿನಿಂದ ಗೀರಿ, ಗೀರು ಬಿದ್ದರೆ ಮೆತ್ತನೆ ಸೀಸ. ಕ್ಲಿಪ್ ಇರುವ ತೂಕಕ್ಕೆ ಆಂಟಿಮನಿ ಸೇರಿರುತ್ತದೆ, ಗಟ್ಟಿ, ಉಗುರಿಗೆ ಬಗ್ಗುವುದಿಲ್ಲ. ಅದನ್ನು ಇಕ್ಕಳದಿಂದ ಕಚ್ಚಿ ನೋಡಬೇಕು, ಸತುವಾದರೆ ಹಲ್ಲೂರುವುದಿಲ್ಲ. ಸತು ಕರಗುವುದು 419ಕ್ಕೆ. ಒಲೆ ಜೋರು ಮಾಡದಿದ್ದರೆ ಅದು ಕರಗದೆ ಮೇಲೆ ತೇಲುತ್ತದೆ, ತೆಗೆದು ಬಿಸಾಡಿ. ಕರಗಿ ಬೆರೆತರೆ ಇಡೀ ಪಾತ್ರೆ ಅಂಬಲಿಯಂತಾಗಿ ಅಚ್ಚು ತುಂಬುವುದೇ ಇಲ್ಲ. ಬ್ಯಾಟರಿಯ ಸೀಸದ ತಂಟೆಗಂತೂ ಹೋಗಲೇಬೇಡಿ.

ವಿನಿಗರ್ ಹೇಳಿದವರು ಯಾರೋ ಗೊತ್ತಿಲ್ಲ, ಅವರ ಮಾತು ಇನ್ನು ಕೇಳಬೇಡಿ. ಆ ಬಿಳಿ ಪುಡಿಯಲ್ಲಿ ಲೆಡ್ ಅಸಿಟೇಟ್ ಇರುತ್ತದೆ. ನೀರಿನಲ್ಲಿ ಕರಗುವ ವಿಷ ಅದು, ರುಚಿ ಸಿಹಿ, ಹಿಂದೆ ಅದನ್ನು ಸೀಸದ ಸಕ್ಕರೆ ಎಂದೇ ಕರೆಯುತ್ತಿದ್ದರು. ಆ ಗುಂಡುಗಳನ್ನು ಕೈಗವಸು ಹಾಕದೆ ಮುಟ್ಟಬೇಡಿ. ನೆನೆಸಿದ ವಿನಿಗರ್ ಇನ್ನೂ ಇದ್ದರೆ ಚರಂಡಿಗೂ ಮಣ್ಣಿಗೂ ಚೆಲ್ಲಬೇಡಿ, ಬಾಟಲಿಯಲ್ಲಿ ಮುಚ್ಚಿ, ಹೆಸರು ಬರೆದು, ಅಪಾಯದ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಉಪ್ಪುಕಾಗದವೂ ಬೇಡ. ಎಲ್ಲರೂ ಹೊಗೆಗೆ ಹೆದರುತ್ತಾರೆ. ಹದವಾಗಿ ಕಾಯಿಸಿದರೆ ಸೀಸ ಆವಿಯಾಗುವುದು ಕಡಿಮೆ; ಕಿಟ್ಟದ ಪುಡಿ, ತಿಕ್ಕಿದ ಧೂಳು, ಅದು ಬೆರಳಿಗೆ ಹತ್ತಿ ಬಾಯಿಗೆ ಹೋಗುವುದು, ಇದೇ ಹೆಚ್ಚು. ಅಚ್ಚಿನ ಸಂದಿಗೆ ಹರಿದು ಮೂಡಿದ ಅಂಚಿನ ರೆಕ್ಕೆಯನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿ, ಚಾಕುವಿನಿಂದ ಹೆರೆಯಿರಿ, ಹೆರೆದದ್ದು ಸುರುಳಿಯಾಗಿ ಬೀಳುತ್ತದೆ, ಹಾರುವುದಿಲ್ಲ. ಅರ ಹಾಕಲೇಬೇಕಾದರೆ ಒದ್ದೆ ಮಾಡಿಕೊಂಡು ಹಾಕಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸ ಬಯಲಿನಲ್ಲಿ, ಬಟ್ಟೆ ಬೇರೆ, ಪಾತ್ರೆ ಬೇರೆ. ಮಕ್ಕಳು, ಬಸುರಿಯರು ಹತ್ತಿರ ಸುಳಿಯಬಾರದು. ಇಷ್ಟರವರೆಗೆ ಸೀಸ ಮೈಗೆ ಸೇರಿದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಈಗ ಬಣ್ಣ. ಎನಾಮೆಲ್ ಬಿಡಿ, ಪೌಡರ್ ಪೇಂಟ್‌ಗೆ ಬನ್ನಿ. ಸೀಸ ಮೆತ್ತಗೆ, ಕಲ್ಲಿಗೆ ಬಡಿದಾಗ ತಗ್ಗು ಬೀಳುತ್ತದೆ. ಎನಾಮೆಲ್ ಜೊತೆಗೆ ತಗ್ಗುವುದಿಲ್ಲ, ಸಿಡಿಯುತ್ತದೆ. ಪೌಡರ್ ಹಚ್ಚುವುದನ್ನು ಒಂದು ಸಲ ನೋಡಿದರೆ ಬ್ರಷ್ ಮುಟ್ಟಲು ಮನಸ್ಸಾಗುವುದಿಲ್ಲ. ಗಾಳದ ಬಾಗನ್ನು ಇಕ್ಕಳದಲ್ಲಿ ಹಿಡಿದು, ತಲೆಯನ್ನು ಸ್ಪಿರಿಟ್ ದೀಪದ ಮೇಲೆ ತಿರುಗಿಸುತ್ತಾ ಹತ್ತು ಎಣಿಸಿ. ಪುಡಿಯ ಡಬ್ಬಿಯನ್ನು ಮೊದಲೇ ಅಲ್ಲಾಡಿಸಿ ಹಗುರ ಮಾಡಿಟ್ಟಿರಬೇಕು. ಅದರೊಳಗೆ ತಲೆಯನ್ನು ಸರಕ್ಕನೆ ಮುಳುಗಿಸಿ ತೆಗೆಯಿರಿ, ಒಂದೇ ಏಟು. ಮೊದಲು ಮಂಕಾಗಿ ಹಿಟ್ಟು ಮೆತ್ತಿದಂತೆ ಕಾಣುತ್ತದೆ, ನೋಡುತ್ತಿದ್ದಂತೆ ಕರಗಿ ಹರಡಿ ಹೊಳೆಯುತ್ತದೆ. ಹೊಳೆಯದಿದ್ದರೆ ಮತ್ತೊಮ್ಮೆ ದೀಪಕ್ಕೆ ತೋರಿಸಿ. ಗುಳ್ಳೆ ಎದ್ದರೆ, ಹೊಗೆ ಬಂದರೆ ಕಾವು ಹೆಚ್ಚಾಯಿತು. ಆ ಮೆತ್ತನೆ ಗಳಿಗೆಯಲ್ಲೇ ದಾರ ಕಟ್ಟುವ ಗಾಳದ ಕಣ್ಣಿಗೆ ಸೂಜಿ ಚುಚ್ಚಿ ತೆರವು ಮಾಡಿ, ಆಮೇಲೆ ಬಹಳ ಕಷ್ಟ. ಎಲ್ಲ ಮುಗಿದ ಮೇಲೆ ತಂತಿಗೆ ತೂಗುಹಾಕಿ ಓವನ್‌ನಲ್ಲಿ 175 ಡಿಗ್ರಿಗೆ 20 ನಿಮಿಷ. ಇದನ್ನು ಬಿಟ್ಟರೆ ಹೊಳಪು ಬರುತ್ತದೆ, ಗಟ್ಟಿತನ ಬರುವುದಿಲ್ಲ. ಅಡುಗೆಯ ಓವನ್ ಮುಟ್ಟಬೇಡಿ.

ಫ್ಲೋರೊಸೆಂಟ್‌ನ ಕೆಳಗೆ ಬಿಳಿ ಬೇಕು, ನೀವು ಬೂದು ಸೀಸದ ಮೇಲೇ ಹಚ್ಚಿದ್ದೀರಿ. ಬೋರ್ಡ್‌ನವರಿಗೆ ಇದನ್ನು ಹೇಳಬೇಕಾಯಿತಲ್ಲ! ಅಂಟು ಅಂಟಾದದ್ದು ಮೆತ್ತನೆ ಬಾಲದೊಳಗಿನ ಎಣ್ಣೆಯಿಂದ. ಅದು ಎನಾಮೆಲ್, ನೇಲ್ ಪಾಲಿಶ್ ಎಲ್ಲವನ್ನೂ ಕರಗಿಸುತ್ತದೆ. ಡಬ್ಬಿ ಬೇರೆ ಇಡಿ.

ಬೋರ್ಡ್‌ಬರಹ:

ಹೌದು ಸ್ವಾಮಿ, ಪ್ರತಿ ಸಲವೂ ಮಸಿ ಹಿಡಿಸುತ್ತಿದ್ದೆ. ಅಚ್ಚು ತಂಪಾಗಿದ್ದಾಗ ಮಸಿ ಚೆನ್ನಾಗಿ ಹಿಡಿಯುತ್ತದೆ ಎಂದು ಆರಿಸಿ ಆರಿಸಿ ಬೇರೆ ಹಿಡಿಸುತ್ತಿದ್ದೆ. ಫ್ಲೋರೊಸೆಂಟ್ ಮಾತಿಗೆ ಏನೂ ಹೇಳಲಾರೆ, ಮರ್ಯಾದೆ ಹೋಯಿತು.

ವಿನಿಗರ್ ಬಾಟಲಿ ಮುಚ್ಚಿಟ್ಟಿದ್ದೇನೆ. ಆ ಗುಂಡುಗಳನ್ನು ನಾಲ್ಕು ದಿನ ಬರಿಗೈಯಲ್ಲಿ ಮುಟ್ಟಿದ್ದೆ, ಹಲ್ಲಿನಲ್ಲಿ ದಾರ ಕಚ್ಚಿ ಕತ್ತರಿಸುವ ಅಭ್ಯಾಸವೂ ಉಂಟು. ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದೇ?

ಸೌಟುಗಾರ:

ಮಾಡಿಸಿ. ರಕ್ತದಲ್ಲಿ ಸೀಸ ಎಷ್ಟಿದೆ ನೋಡಬೇಕು ಎಂದು ವೈದ್ಯರಿಗೆ ಬಿಡಿಸಿ ಹೇಳಿ, ಮಾಮೂಲಿ ಪರೀಕ್ಷೆಯಲ್ಲಿ ಅದು ಬರುವುದಿಲ್ಲ. ನಾನು ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಹಲ್ಲಿನ ಅಭ್ಯಾಸವನ್ನು ಇವತ್ತೇ ಬಿಡಿ.

ಬೆಳ್ಳಿಹುರುಪೆ:

ನಾನು ಸೀಸ ಬಿಟ್ಟು ಮೂರು ವರ್ಷ ಆಯಿತು. ಮನೆಯಲ್ಲಿ ಮಗು ಬಂದ ಮೇಲೆ ಆ ಪಾತ್ರೆಯನ್ನು ನೋಡಿದರೇ ಭಯವಾಗುತ್ತಿತ್ತು. ಈಗ ಬಿಸ್ಮತ್ ಮತ್ತು ತವರದ ಮಿಶ್ರಲೋಹ. 58ಕ್ಕೆ 42ರ ಪಾಕ, 138 ಡಿಗ್ರಿಗೇ ಕರಗುತ್ತದೆ, ಅದೇ ಅಚ್ಚು ನಡೆಯುತ್ತದೆ.

ತೂಕ ಮಾತ್ರ ಕಡಿಮೆ. ಸೀಸದ 10 ಗ್ರಾಂ ಅಚ್ಚಿನಲ್ಲಿ ಇದು ಏಳೂವರೆ ಗ್ರಾಂ ಬರುತ್ತದೆ, ಬರೀ ತವರವಾದರೆ ಆರೂವರೆಯೂ ಇಲ್ಲ. ಗಾಳಿಗೆ ಎದುರಾಗಿ ಎಸೆಯುವಾಗ ಇದು ಬೇಸರ. ಆದರೆ ನಿಧಾನ ಇಳಿಯುತ್ತದೆ, ಆಳ ಕಡಿಮೆ ಇರುವ ಕಡೆ ನನಗೆ ಅದೇ ಇಷ್ಟ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಇಪ್ಪತ್ತನಾಲ್ಕು ತಲೆ ಹೊಯ್ದು, ಹಸಿರು ಪೌಡರ್ ಹಚ್ಚಿ, ಸೌಟುಗಾರರು ಹೇಳಿದ ಹಾಗೆಯೇ ಓವನ್‌ಗೆ ತೂಗುಹಾಕಿ 175ಕ್ಕೆ ಇಟ್ಟೆ. ಹತ್ತು ನಿಮಿಷ ಬಿಟ್ಟು ಬಾಗಿಲು ತೆರೆದರೆ ತಂತಿಗೆ ಇಪ್ಪತ್ತನಾಲ್ಕು ಬೋಳು ಗಾಳ, ತಟ್ಟೆಯಲ್ಲಿ ಹೊಳೆಯುವ ಕೆರೆ, ಅದರ ಮೇಲೆ ಹಸಿರು ಪಾಚಿಯ ಹಾಗೆ ಬಣ್ಣ. 138ಕ್ಕೆ ಕರಗುವುದನ್ನು 175ಕ್ಕೆ ಬೇಯಿಸಿದ್ದೆ! ಒಂದು ಘಳಿಗೆ ನಿಂತು ನೋಡಿದೆ, ನೋಡಲು ಚೆನ್ನಾಗಿತ್ತು.

ಹಕ್ಕಿಗಳ ವಿಷಯವೂ ಇದೆ. ಕೆಲವು ನೀರುಹಕ್ಕಿಗಳು ಕಾಳು ಅರೆಯಲೆಂದು ಸಣ್ಣ ಕಲ್ಲು ನುಂಗುತ್ತವೆ, ಕಲ್ಲೆಂದು ಸೀಸದ ಗುಂಡನ್ನೂ ನುಂಗುತ್ತವೆ, ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಇಳಿಯುತ್ತದೆ. ಹಂಸಗಳು ಹೀಗೆ ಸತ್ತದ್ದಕ್ಕೇ ಬ್ರಿಟನ್ನಿನಲ್ಲಿ 1987ರಿಂದ 28.35 ಗ್ರಾಂವರೆಗಿನ ಸೀಸದ ಗಾಳದ ತೂಕಗಳನ್ನು ನಿಷೇಧಿಸಿದರು, ತೀರ ಸಣ್ಣ ಸೀಸದ ಕಾಳುಗಳಿಗೆ ಮಾತ್ರ ವಿನಾಯಿತಿ. ನಿಮ್ಮಲ್ಲಿ ನಿಯಮ ಏನಿದೆ ಒಮ್ಮೆ ನೋಡಿಕೊಳ್ಳಿ ಅಣ್ಣ.

ತೇಲುಬೆಂಡು:

ಹಸಿರು ಪಾಚಿ ಓದಿ ಟೀ ಮೂಗಿಗೆ ಹೋಯಿತು ಮೇಡಂ.

ಬೋರ್ಡ್‌ಬರಹ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ರಕ್ತ ಪರೀಕ್ಷೆಯ ಫಲಿತಾಂಶ ಬಂತು, ಗಾಬರಿಯಾಗುವಂಥದ್ದಲ್ಲ, ಆದರೂ ಆರು ತಿಂಗಳಿಗೆ ಮತ್ತೆ ಮಾಡಿಸಿ ಎಂದಿದ್ದಾರೆ. ಹೆಕ್ಕಿದ ಗುಂಡುಗಳನ್ನು ತಣ್ಣನೆ ಪಾತ್ರೆಯಿಂದಲೇ ಕಾಯಿಸಿದೆ. ಒಂದರೊಳಗಿಂದ ಸುಯ್ ಎಂದು ಆವಿ ಎದ್ದದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಸ್ವಲ್ಪ ಹೊತ್ತು ದೂರ ಹೋಗಿ ಕೂತಿದ್ದೆ.

ಹದಿನೆಂಟು ಹೊಯ್ದೆ. ಮೊದಲ ಐದು ವಾಪಸ್ ಪಾತ್ರೆಗೆ, ಎರಡು ಸುಕ್ಕು. ಉಳಿದ ಹನ್ನೊಂದಕ್ಕೆ ಮೊದಲು ಬಿಳಿ, ಮೇಲೆ ಕಿತ್ತಳೆ. ಮೊದಲ ಮೂರರ ಕಣ್ಣು ಮುಚ್ಚಿಹೋಯಿತು, ಸೂಜಿ ಎಲ್ಲಿಟ್ಟೆ ಎಂದು ಹುಡುಕುವಷ್ಟರಲ್ಲಿ ಬಣ್ಣ ಗಟ್ಟಿಯಾಗಿತ್ತು. ನಾಲ್ಕನೆಯದರಿಂದ ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡೆ. ಬೇಯಿಸಿ ಆರಿಸಿದ ಮೇಲೆ ಒಂದನ್ನು ಬಂಡೆಗೆ ಇಪ್ಪತ್ತು ಸಲ ಬಡಿದೆ. ಮೂಗು ಚಪ್ಪಟೆಯಾಯಿತು, ಬಣ್ಣ ಮೂಗಿನ ಜೊತೆಗೇ ಚಪ್ಪಟೆಯಾಯಿತು, ಒಂದು ಚೂರೂ ಏಳಲಿಲ್ಲ.

ಜಿಗ್‌ನ ತಲೆಗೆ ಮೀನಿನ ಕಣ್ಣು ಬರೆಯಲು ಮಾತ್ರ ಪೌಡರ್ ಒಗ್ಗಲಿಲ್ಲ. ಮೊಳೆಯ ತಲೆಯನ್ನು ಹಳದಿ ಎನಾಮೆಲ್‌ನಲ್ಲಿ ಅದ್ದಿ ಒತ್ತಿದೆ, ಒಣಗಿದ ಮೇಲೆ ಗುಂಡುಪಿನ್ನಿನ ತಲೆಯಿಂದ ಕಪ್ಪು ಚುಕ್ಕೆ, ಮೇಲೆ ಎರಡು ಪಾಲಿನ ಎಪಾಕ್ಸಿ ತೆಳ್ಳಗೆ. ಅದು ಇಳಿದು ಗದ್ದಕ್ಕೆ ಹನಿ ಕಟ್ಟದಂತೆ ಗಟ್ಟಿಯಾಗುವವರೆಗೆ ಕೈಯಲ್ಲೇ ತಿರುಗಿಸುತ್ತಾ ಕೂತಿದ್ದೆ.

ಬೆಳ್ಳಿಹುರುಪೆ ತಂಗಿ, ನಿಮ್ಮ ಮಿಶ್ರಲೋಹ ಒಂದು ಕಿಲೋ ತರಿಸಿದ್ದೇನೆ, 7 ಗ್ರಾಂ ಅಚ್ಚಿಗೆ. ಅದಕ್ಕೆ ಓವನ್ ಆಗುವುದಿಲ್ಲ ಎಂದ ಮೇಲೆ ಬ್ರಷ್ಷೇ ಗತಿ, ಅದು ನನಗೆ ಬರುತ್ತದೆ. ಕೆಳಗೆ ಯಾವ ಪ್ರೈಮರ್ ಹಾಕುತ್ತಿದ್ದೀರಿ, ಅದೊಂದು ಹೇಳಿ.

ಬೆಳ್ಳಿಹುರುಪೆ:

ಎರಡು ಪಾಲಿನ ಎಪಾಕ್ಸಿ ಪ್ರೈಮರ್ ಅಣ್ಣ, ತೆಳ್ಳಗೆ ಒಂದೇ ಕೋಟು, ಒಂದು ರಾತ್ರಿ ಆರಬೇಕು. ಅದಕ್ಕೂ ಮುಂಚೆ ಸ್ಪಿರಿಟ್ ಹಾಕಿ ಒರೆಸಿ. ಮಸಿ ಇರಬಾರದು ಎಂದು ನಿಮಗೆ ಇನ್ನು ಹೇಳಬೇಕಿಲ್ಲ.