ಕೋಳಿಗಳ ನಡುವೆ ಕಾವಿಗೆ ಕೂತ ಬಾತು: ಗೂಡು ಸಾಗಿಸಲಾ, ಅಲ್ಲೇ ಬಿಡಲಾ?

ಕೆಸರುಕಾಲು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನನ್ನ ಹತ್ತಿರ ಹನ್ನೊಂದು ಹೇಟೆ, ಒಂದು ಹುಂಜ, ಮೂರು ಹೆಣ್ಣು ಬಾತು, ಎರಡು ಗಂಡು ಬಾತು ಇವೆ. ಎಲ್ಲಕ್ಕೂ ಒಂದೇ ಮನೆ, ಒಂದೇ ಅಂಗಳ. ಹಗಲೆಲ್ಲ ಒಟ್ಟಿಗೆ ಮೇಯುತ್ತವೆ, ಜಗಳ ಕಡಿಮೆ. ಹಾಗಾಗಿ ಬೇರೆ ಬೇರೆ ಇಡಬೇಕು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಹೋದ ಸಲ ಒಂದು ಬಾತು ಏಳು ಮರಿ ಮಾಡಿತು. ತಾಯಿ ಇದೆಯಲ್ಲ, ನೋಡಿಕೊಳ್ಳುತ್ತೆ ಅಂತ ಸುಮ್ನೆ ಬಿಟ್ಟೆ. ಮೊದಲ ದಿನವೇ ಒಂದು ಸತ್ತು ಬಿದ್ದಿತ್ತು. ಮೈಮೇಲೆ ಗಾಯ ಇಲ್ಲ, ಚಪ್ಪಟೆಯಾಗಿತ್ತು ಅಷ್ಟೇ. ಮಾರನೇ ರಾತ್ರಿ ಎರಡು ಮಾಯ. ಒಂದು ಹನಿ ರಕ್ತ ಇಲ್ಲ, ಒಂದು ಪುಕ್ಕ ಇಲ್ಲ. ಮೂರನೇ ದಿನ ಒಂದು ಮರಿ ಅರ್ಧ ತುಂಬಿದ ಬಕೆಟ್‌ನಲ್ಲಿ ತೇಲುತ್ತಿತ್ತು. ಈಜೋ ಜಾತಿ ನೀರಲ್ಲಿ ಸಾಯುತ್ತೆ ಅಂದ್ರೆ ನನಗೆ ನಂಬೋಕೇ ಆಗಲಿಲ್ಲ. ಇನ್ನೊಂದನ್ನು ಒಂದು ಹೇಟೆ ತಲೆಗೆ ಕುಕ್ಕಿ ಕುಕ್ಕಿ ಕೊಂದಿತು, ನಾನು ಓಡಿ ಹೋಗುವಷ್ಟರಲ್ಲಿ. ಕೊನೆಗೆ ಉಳಿದದ್ದು ಎರಡು.

ಈಗ ಇನ್ನೊಂದು ಬಾತು ಕೂತಿದೆ. ಇವತ್ತಿಗೆ 17 ದಿನ. ಕೋಳಿಮನೆಯ ಒಳಗೇ, ಮೂಲೆಯಲ್ಲಿ, ನೆಲದ ಮೇಲೆ ಗೂಡು. ಸಂಜೆ ಒಮ್ಮೆ ಏಳುತ್ತೆ. ಎದೆಯಿಂದ ಕಿತ್ತ ತುಪ್ಪುಳವನ್ನು ಕೊಕ್ಕಿನಲ್ಲಿ ಎಳೆದೆಳೆದು ಮೊಟ್ಟೆ ಮುಚ್ಚಿ, ಆಮೇಲೆ ಹೊರಗೆ ಬರುತ್ತೆ. ಬಂದ ಕೂಡಲೇ ಗಂಡು ಎರಡೂ ಅಟ್ಟಿಸಿಕೊಂಡು ಹೋಗುತ್ತವೆ. ನೀರು ಕುಡಿಯೋಕೂ ಬಿಡಲ್ಲ. ಇನ್ನು ಬೆಳಿಗ್ಗೆ ಹೊತ್ತು ಕೋಳಿಗಳು ಬಂದು, ಕೂತ ಬಾತಿನ ಪಕ್ಕಕ್ಕೇ ನುಗ್ಗಿ ಅದೇ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ. ಅವಕ್ಕೆ ಅಂತ ಕಟ್ಟಿಕೊಟ್ಟ ಆರು ಡಬ್ಬಿ ಖಾಲಿ! ನಿನ್ನೆ ಎಣಿಸಿದೆ. ಒಟ್ಟು 14 ಮೊಟ್ಟೆ, ಅದರಲ್ಲಿ 5 ಕೋಳಿಯದ್ದು.

ಗೂಡು ಬೇರೆ ಕಡೆ ಸಾಗಿಸಲಾ? ಸಾಗಿಸಿದರೆ ಕಾವು ಬಿಟ್ಟುಬಿಡುತ್ತಾ?

ಹಿತ್ತಿಲಕ್ಕ:

ಸಾಗಿಸಬೇಡಿ. ಅದರ ಮಾತು ಆಮೇಲೆ. ಇವತ್ತು ರಾತ್ರಿಯೇ ಆಗಬೇಕಾದ ಕೆಲಸ ಒಂದಿದೆ, ಆ ಐದು ಕೋಳಿಮೊಟ್ಟೆ ತೆಗೀರಿ.

ಯಾಕೆ ಅಂದ್ರೆ, ಕೋಳಿಮೊಟ್ಟೆ ಒಡೆಯೋಕೆ 21 ದಿನ, ಬಾತಿನದ್ದಕ್ಕೆ 28. ಮಸ್ಕೋವಿ ಅನ್ನೋ ಜಾತಿಯ ಬಾತು ಆದ್ರೆ ಇನ್ನೂ ಜಾಸ್ತಿ, 35ರ ತನಕ ಹೋಗುತ್ತೆ. ನಿಮ್ಮ ಬಾತು ಕೂತ ದಿನವೇ ಯಾವುದಾದರೂ ಹೇಟೆ ಅಲ್ಲಿ ಮೊಟ್ಟೆ ಇಟ್ಟಿದ್ದರೆ ಅದು ಇನ್ನು ನಾಲ್ಕು ದಿನಕ್ಕೆ ಒಡೆಯುತ್ತೆ. ನನ್ನ ಮನೇಲಿ ಹೀಗೇ ಆಗಿತ್ತು. ಎರಡು ಕೋಳಿಮರಿ ಹೊರಗೆ ಬಂದವು, ನಮ್ಮ ಬಾತಮ್ಮ ಕೆಲಸ ಮುಗೀತು ಅಂತ ಅವನ್ನು ಕರ್ಕೊಂಡು ಹೊರಟೇಬಿಟ್ಟಳು. ಹಿಂದೆ ಹತ್ತು ಬಾತುಮೊಟ್ಟೆ ತಣ್ಣಗೆ ಬಿದ್ದಿದ್ದವು. ಒಂದನ್ನು ಕಿವಿ ಹತ್ತಿರ ಹಿಡಿದರೆ ಒಳಗೆ ಏನೋ ಮಿಸುಕಿದ ಹಾಗೆ. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

ಕತ್ತಲಾದ ಮೇಲೆ ಟಾರ್ಚ್ ತಗೊಂಡು ಹೋಗಿ. ಮೊಟ್ಟೆಯ ದಪ್ಪ ತುದಿಗೆ ಬೆಳಕು ಒತ್ತಿ ಹಿಡಿಯಿರಿ. ಪೂರ್ತಿ ತಿಳಿಯಾಗಿ ಹೊಳೆದರೆ ಮರಿ ಇಲ್ಲ, ಅಥವಾ ಈಗಷ್ಟೇ ಇಟ್ಟದ್ದು. ಕೆಂಪು ನರ ಕಂಡರೆ ಅಥವಾ ಮೇಲೆ ಗಾಳಿಯ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಗಿದ್ದರೆ ಜೀವ ಇದೆ. ಜೀವ ಇರುವ ಕೋಳಿಮೊಟ್ಟೆಯನ್ನು ಕಾವಿಗೆ ಕೂತ ಹೇಟೆ ಇದ್ದರೆ ಅದರ ಕೆಳಗೆ ಇಡಿ. ಬಾತುಮೊಟ್ಟೆಗೆಲ್ಲ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಪೆನ್ ಬೇಡ, ಶಾಯಿ ಬೇಡ. ನಾಳೆಯಿಂದ ಗೆರೆ ಇಲ್ಲದ ಮೊಟ್ಟೆ ಕಂಡರೆ ಹೊರಗೆ, ಅಷ್ಟೇ.

ಆಮೇಲೆ ಅವಳು ಕೂತಲ್ಲೇ ಸುತ್ತ ಬೇಲಿ ಕಟ್ಟಿ. ಗೂಡಿನ ಜೊತೆ ಆಹಾರದ ತಟ್ಟೆ, ನೀರು, ಎದ್ದು ನಾಲ್ಕು ಹೆಜ್ಜೆ ಹಾಕೋಕೆ ಜಾಗ, ಇಷ್ಟು ಒಳಗೆ ಬರಬೇಕು. ಮೇಲೂ ಮುಚ್ಚಿ, ಇಲ್ಲಾಂದ್ರೆ ಕೋಳಿ ಹಾರಿ ಒಳಗೆ ಇಳಿಯುತ್ತೆ. ಸಂಜೆ ಅವಳು ಏಳುವ ಹೊತ್ತಿಗೆ ಗಂಡುಗಳನ್ನು ಅರ್ಧ ಗಂಟೆ ಕೂಡಿಹಾಕಿ ಅವಳನ್ನು ಹೊರಗೆ ಬಿಡಿ. ಮುಳುಗೆದ್ದು ಬರಲಿ. ಒದ್ದೆ ಪುಕ್ಕದಲ್ಲಿ ಬಂದು ಕೂತರೆ ಮೊಟ್ಟೆಗೂ ಒಳ್ಳೇದು, ತೇವ ಸಿಗುತ್ತೆ.

ನಿಮ್ಮ ಹಳೇ ಲೆಕ್ಕಕ್ಕೆ ಬರೋಣ. ಗುರುತೇ ಇಲ್ಲದೆ ಮಾಯ ಆದದ್ದು ಇಲಿ, ಹೆಗ್ಗಣ ಅಥವಾ ಹಾವಿನ ಕೆಲಸ. ಚಪ್ಪಟೆ ಆದದ್ದು ಮಾತ್ರ ಒಳಗಿನವರದ್ದೇ. ಗಂಡು ಬಾತು ತಾಯಿಯ ಮೇಲೆ ಹತ್ತೋ ಗಡಿಬಿಡಿಯಲ್ಲಿ ಮರಿ ತುಳಿಯುತ್ತೆ. ಎರಡು ಗಂಡಿಗೆ ಮೂರು ಹೆಣ್ಣು ಅಂದ್ರೆ ಇದೇ ಗತಿ. ಒಂದಕ್ಕೆ ನಾಲ್ಕೈದಾದರೂ ಹೆಣ್ಣು ಬೇಕು. ಸಾಲದೆ ಬಂದರೆ ಹೇಟೆಗಳ ಮೇಲೂ ಹತ್ತುತ್ತವೆ. ಹುಂಜಕ್ಕೆ ಇಲ್ಲದ ಅಂಗ ಗಂಡು ಬಾತಿಗಿದೆ, ಹೇಟೆಗೆ ಒಳಗೆ ಗಾಯ ಆಗುತ್ತೆ. ಒಂದು ಗಂಡನ್ನು ಯಾರಿಗಾದರೂ ಕೊಟ್ಟುಬಿಡಿ ಅಂತ ನನ್ನ ಸಲಹೆ.

ಕೆರೆದಂಡೆ:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸಾಗಿಸಲೇಬಾರದು ಅಂತೇನಿಲ್ಲ. ನಾನು ಎರಡು ಸಲ ಸಾಗಿಸಿದ್ದೇನೆ. ಒಂದು ಗೆದ್ದೆ, ಒಂದು ಸೋತೆ.

ಗೆದ್ದದ್ದು ಯಾಕೆ ಅಂದ್ರೆ ಆ ಬಾತು ಹಳೇ ಟಬ್‌ನಲ್ಲಿ ಗೂಡು ಮಾಡಿತ್ತು. ರಾತ್ರಿ ಟಬ್ ಸಮೇತ ಎತ್ತಿ, ಮೇಲೆ ಗೋಣಿ ಹೊದಿಸಿ ಒಯ್ದೆ. ಬೆಳಿಗ್ಗೆ ಏನೂ ಆಗದ ಹಾಗೆ ಕೂತಿತ್ತು. ಸೋತದ್ದು ನೆಲದ ಗೂಡು. ಮೊಟ್ಟೆ, ಹುಲ್ಲು, ತುಪ್ಪುಳ ಎಲ್ಲ ಬುಟ್ಟಿಗೆ ತುಂಬಿ ಬರೀ ಹತ್ತಡಿ ಆಚೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಬಾತು ಹಳೇ ಜಾಗದಲ್ಲಿ ಖಾಲಿ ನೆಲಕ್ಕೆ ಕಾವು ಕೊಡ್ತಾ ಕೂತಿದೆ! ಅದಕ್ಕೆ ಜಾಗ ಮುಖ್ಯ, ಮೊಟ್ಟೆ ಅಲ್ಲ. ನಿಮ್ಮದೂ ನೆಲದ ಗೂಡು, ಅದೂ 17 ದಿನ ಆಗಿದೆ. ನಾನಾದರೂ ಮುಟ್ಟಲ್ಲ.

ಜಾಲರಿ ವಿಷಯ. ಷಟ್ಕೋನದ ತೆಳು ಕೋಳಿಜಾಲರಿ ಕೋಳಿಯನ್ನು ತಡೆಯುತ್ತೆ, ಇಲಿಯನ್ನಲ್ಲ. ಅರ್ಧ ಇಂಚು ಕಿಂಡಿಯ ವೆಲ್ಡ್ ಮೆಶ್, ಅಂದ್ರೆ ಬೆಸುಗೆ ಹಾಕಿದ ಗಟ್ಟಿ ತಂತಿಯ ಜಾಲರಿ ಹಾಕಿ. ಕೆಳಗಿನ ಅಂಚನ್ನು ಒಂದಡಿ ಹೊರಕ್ಕೆ ಮಡಚಿ ನೆಲದ ಮೇಲೆ ಮಲಗಿಸಿ ಕಲ್ಲು ಹೇರಿ. ಹೆಗ್ಗಣ ಬೇಲಿ ಬುಡದಲ್ಲೇ ತೋಡೋದು, ಒಂದಡಿ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ.

ಕೆಸರುಕಾಲು:

ಅಕ್ಕಾ, ಅಣ್ಣಾ, ಇಬ್ಬರಿಗೂ ಥ್ಯಾಂಕ್ಸ್. ರಾತ್ರಿಯೇ ಟಾರ್ಚ್ ಹಿಡಿದು ಕೂತೆ. ಕೈಗೆ ಎರಡು ಕಡೆ ಕಚ್ಚಿದೆ, ರೆಕ್ಕೆಯಲ್ಲಿ ಹೊಡೆದದ್ದು ಬೇರೆ ಲೆಕ್ಕ. ಐದು ಕೋಳಿಮೊಟ್ಟೆಯಲ್ಲಿ ಮೂರು ತಿಳಿ, ಎರಡರಲ್ಲಿ ಜೀವ. ಅದೃಷ್ಟಕ್ಕೆ ಒಂದು ಹೇಟೆ ನಾಲ್ಕು ದಿನದಿಂದ ಖಾಲಿ ಡಬ್ಬಿಯಲ್ಲೇ ಗುರ್ ಅಂತ ಕೂತಿತ್ತು, ಅದರ ಕೆಳಗೆ ಇಟ್ಟೆ. ಬಾತುಮೊಟ್ಟೆ ಒಂಬತ್ತರಲ್ಲಿ ಒಂದು ಕೆಟ್ಟಿತ್ತು. ಒಳಗೆ ಕಲಕಿದ ಹಾಗೆ ಕಾಣುತ್ತಿತ್ತು, ವಾಸನೆ ಬೇರೆ. ಒಡೆಯದ ಹಾಗೆ ಮೆಲ್ಲಗೆ ತೆಗೆದು ದೂರ ಹೂತೆ. ಉಳಿದ ಎಂಟಕ್ಕೆ ಗೆರೆ ಎಳೆದಿದ್ದೇನೆ.

ಮೆಶ್ ಇವತ್ತು ಕಟ್ಟಿದೆ. ಮರಿ ಆದ ಮೇಲೆ ನೀರು ಹೇಗೆ ಇಡೋದು? ಆ ಬಕೆಟ್ ಕಣ್ಮುಂದಿಂದ ಹೋಗ್ತಿಲ್ಲ.

ಪುಕ್ಕಲುಮರಿ:

ನೀರಿಗೆ ನಾನು ಉತ್ತರ ಕೊಡ್ತೀನಿ, ಈ ಪಾಠ ನಾನೂ ದುಡ್ಡು ಕೊಟ್ಟು ಕಲಿತದ್ದು.

ಬಾತುಮರಿ ನೀರಲ್ಲಿ ಸಾಯೋದು ಈಜು ಬರದೆ ಅಲ್ಲ, ಹತ್ತಿ ಹೊರಗೆ ಬರೋಕೆ ಆಗದೆ. ಬಕೆಟ್ ಗೋಡೆ ನುಣುಪು, ಮರಿ ಸುತ್ತಿ ಸುತ್ತಿ ಸುಸ್ತಾಗುತ್ತೆ, ತುಪ್ಪುಳ ನೆನೆದು ಚಳಿ ಹಿಡಿಯುತ್ತೆ. ತಾಯಿ ಜೊತೆ ಬೆಳೆದ ಮರಿಗೆ ಅವಳ ಪುಕ್ಕದ ಎಣ್ಣೆ ಮೈಗೆ ಸೋಕಿರುತ್ತೆ, ಹಾಗಾಗಿ ಬೇಗ ನೆನೆಯಲ್ಲ. ಕಾವು ಕೊಡೋ ಯಂತ್ರದಲ್ಲಿ ಒಡೆದ ಮರಿಗೆ ಆ ಭಾಗ್ಯವೂ ಇಲ್ಲ. ಆದರೆ ನೀರು ತೀರಾ ಕಡಿಮೆಯೂ ಆಗಬಾರದು. ಕೊಕ್ಕನ್ನು ಮೂಗಿನ ತೂತಿನ ತನಕ ಮುಳುಗಿಸಿ ತೊಳೆದುಕೊಳ್ಳಬೇಕು, ಇಲ್ಲಾಂದ್ರೆ ತಿಂದದ್ದು ಮೆತ್ತಿಕೊಂಡು ಮೂಗು ಕಟ್ಟುತ್ತೆ. ಅಗಲ ತಟ್ಟೆ, ಒಳಗೆ ಬೆಣಚುಕಲ್ಲು, ಮರಿಯ ಕಾಲು ಕಲ್ಲಿಗೆ ಸಿಗೋ ಹಾಗೆ. ದೊಡ್ಡ ಬಕೆಟ್ ಎಲ್ಲ ಕವುಚಿ ಹಾಕಿ.

ತಿನ್ನೋಕೆ ಮೊಟ್ಟೆಕೋಳಿ ಆಹಾರ ಹಾಕಬೇಡಿ, ಸುಣ್ಣದಂಶ ಜಾಸ್ತಿ, ಮರಿಯ ಮೂತ್ರಪಿಂಡಕ್ಕೆ ಪೆಟ್ಟು. ಕೋಳಿಮರಿ ಸ್ಟಾರ್ಟರ್, ಅಂದ್ರೆ ಎಳೆ ಮರಿಗೆ ಅಂತ ಮಾಡಿದ ಆಹಾರ ಆಗುತ್ತೆ, ಔಷಧ ಬೆರೆಸದೇ ಇರೋದನ್ನೇ ನೋಡಿ ತಗೊಳ್ಳಿ. ಬಾತುಮರಿಗೆ ನಯಾಸಿನ್ ಅನ್ನೋ ವಿಟಮಿನ್ ಕೋಳಿಮರಿಗಿಂತ ಜಾಸ್ತಿ ಬೇಕು, ಒಂದು ಕಿಲೋ ಆಹಾರದಲ್ಲಿ 55 ಮಿಲಿಗ್ರಾಂನಷ್ಟು. ಸಾಲದಿದ್ದರೆ ಮಂಡಿ ಊದಿ ಕಾಲು ಬಿಲ್ಲಿನ ಹಾಗೆ ಬಾಗುತ್ತೆ. ಆಹಾರಕ್ಕೆ ಸ್ವಲ್ಪ ಬ್ರೂವರ್ಸ್ ಯೀಸ್ಟ್ (ನಯಾಸಿನ್ ಇರುವ ಯೀಸ್ಟ್ ಪುಡಿ) ಬೆರೆಸಿದರೆ ಸಾಕು. ನನ್ನ ಒಂದು ಮರಿ ಹಾಗೆ ಕುಂಟಿತ್ತು, ಯೀಸ್ಟ್ ಶುರು ಮಾಡಿದ ಮೇಲೆ ಎದ್ದು ಓಡಿತು.

ಕೆಸರುಕಾಲು:

28ನೇ ದಿನ ಬೆಳಿಗ್ಗೆ ಮೊದಲ ತೂತು ಕಂಡಿತು. ಮಧ್ಯಾಹ್ನಕ್ಕೂ ಅದೇ ತೂತು, ಸಂಜೆಗೂ ಅದೇ ತೂತು. ಸಹಾಯ ಮಾಡೋಣ ಅಂತ ಕೈ ಎರಡು ಸಲ ಹೋಯಿತು, ವಾಪಸ್ ತಗೊಂಡೆ. ಒಳಗೆ ಟಕ್ ಟಕ್ ಕೇಳುತ್ತಲೇ ಇತ್ತು. ತಾಯಿ ಕೆಳಗೆ ಕತ್ತು ಬಗ್ಗಿಸಿ ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿತ್ತು. ಹಗಲೆಲ್ಲ ಗಂಟಲು ಕಿತ್ತುಕೊಳ್ಳೋ ಪ್ರಾಣಿಗೆ ಇಂಥ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. 29ನೇ ದಿನ ಸಂಜೆಗೆ ಏಳು ಮರಿ. ಎಂಟನೆಯದ್ದು ಒಡೆಯಲಿಲ್ಲ.

ಅತ್ತ ಹೇಟೆಯ ಕೆಳಗೂ ಒಂದು ಮರಿ ಆಯ್ತು.

ಮರಿಗಳನ್ನು ಯಾವಾಗ ಎಲ್ಲರ ಜೊತೆ ಬಿಡಬಹುದು, ಅಕ್ಕಾ?

ಹಿತ್ತಿಲಕ್ಕ:

ಅಯ್ಯೋ, ಏಳಾ! ಖುಷಿ ಆಯ್ತು.

ಅವಸರ ಬೇಡ. ಮೆಶ್ ಒಳಗಿಂದಲೇ ಎಲ್ಲರೂ ಒಬ್ಬರನ್ನೊಬ್ಬರು ನೋಡ್ತಾ ಇರಲಿ, ಅದೇ ಪರಿಚಯ. ಐದು ವಾರ ಕಳೆದ ಮೇಲೆ ನೀವು ಎದುರಿಗೆ ಇದ್ದಾಗ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಪೂರ್ತಿ ಪುಕ್ಕ ಬರೋದು ಏಳೆಂಟು ವಾರಕ್ಕೆ, ರಾತ್ರಿ ಒಟ್ಟಿಗೆ ಹಾಕೋದು ಆಮೇಲೆಯೇ. ಮರಿ ಮಾತ್ರ ದಾಟುವಂಥ ಸಣ್ಣ ಕಿಂಡಿ ಒಂದು ಬಿಡಿ. ಹೇಟೆ ಅಟ್ಟಿಸಿಕೊಂಡು ಬಂದರೆ ಮರಿ ಒಳಗೆ ಓಡಿಬರುತ್ತೆ, ಹೇಟೆ ಹೊರಗೇ ಉಳಿಯುತ್ತೆ. ಹಗಲು ಬಿಟ್ಟಾಗ ಮೇಲೂ ಒಂದು ಕಣ್ಣಿರಲಿ. ಕಾಗೆ, ಹದ್ದು ಇವೆಲ್ಲ ಲೆಕ್ಕ ಇಟ್ಟುಕೊಂಡೇ ಕೂತಿರುತ್ತವೆ.

ಆ ಗಂಡು ಏನಾಯ್ತು?

ಕೆಸರುಕಾಲು:

ಒಂದನ್ನು ಕೊಟ್ಟೆ. ಹೆಣ್ಣು ಬಾತು ಜಾಸ್ತಿ ಇರುವ ಮನೆಗೇ ಹೋಗಿದೆ, ಆರಾಮಾಗಿದೆಯಂತೆ. ಇನ್ನೊಂದು ದಿನಾ ಬಂದು ಮೆಶ್ ಪಕ್ಕ ನಿಲ್ಲುತ್ತೆ, ಬಾಲದ ಸುರುಳಿ ಪುಕ್ಕ ಅಲ್ಲಾಡಿಸುತ್ತಾ ಆ ಒಡಕು ದನಿಯಲ್ಲಿ ಪಿಸಪಿಸ ಅನ್ನುತ್ತೆ. ತಾಯಿ ಕತ್ತು ಉದ್ದ ಮಾಡಿ ಬುಸ್ ಅಂದ ಕೂಡಲೇ ಎರಡು ಹೆಜ್ಜೆ ಹಿಂದೆ. ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಎದ್ದ ತಕ್ಷಣ ಹೋಗಿ ಎಣಿಸುತ್ತೇನೆ. ಏಳೂ ಇವೆ.