ಅಪ್‌ಡೇಟ್: ಅಜ್ಜಿ ಸೈಟಿನ ಗಿಫ್ಟ್ ಡೀಡ್ (ದಾನಪತ್ರ) ನೋಟರಿಯಲ್ಲಿ ಆಗಲ್ಲ

ಅಜ್ಜಿ ತಮ್ಮ ಸೈಟನ್ನ ಅಮ್ಮಂಗೆ ಕೊಡಬೇಕು ಅಂತಿದಾರೆ, ಹಾಸಿಗೆ ಬಿಟ್ಟು ಏಳೋಕಾಗಲ್ಲ, ಸ್ಟಾಂಪ್ ಪೇಪರಲ್ಲಿ ಬರೆಸಿ ನೋಟರಿ ಮಾಡಿಸಿದ್ರೆ ಸಾಕಾ ಅಂತ ಕೇಳಿದ್ನಲ್ಲ, ಸಾಕಾಗಲ್ಲ. ನೋಟರಿಯವ್ರೇ ನೇರವಾಗಿ ಹೇಳಿದ್ರು, ಸಹಿ ಇವರದ್ದೇ ಅಂತ ದೃಢೀಕರಿಸ್ತೀನಿ, ಅಫಿಡವಿಟ್‌ಗೆ ಪ್ರಮಾಣ ಮಾಡಿಸ್ತೀನಿ, ಆದ್ರೆ ನನ್ನ ಸೀಲಿಂದ ಸೈಟಿನ ಹಕ್ಕು ವರ್ಗ ಆಗಲ್ಲ ಅಂತ. ಅಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಅವರಿಗೆ ನಿಜವಾಗ್ಲೂ ಥ್ಯಾಂಕ್ಸ್. ಸ್ಥಿರಾಸ್ತಿ ದಾನಕ್ಕೆ ಇಬ್ಬರು ಸಾಕ್ಷಿ, ಸಬ್‌ರಿಜಿಸ್ಟ್ರಾರ್ ಹತ್ರ ನೋಂದಣಿ, ಎರಡೂ ಕಡ್ಡಾಯ. ಖುಷಿ ವಿಷ್ಯ ಏನಂದ್ರೆ 1908ರ ನೋಂದಣಿ ಕಾಯ್ದೆ ಸೆಕ್ಷನ್ 31ರ ಪ್ರಕಾರ ವಿಶೇಷ ಕಾರಣ ತೋರಿಸಿದ್ರೆ ಸಬ್‌ರಿಜಿಸ್ಟ್ರಾರ್ ಮನೆಗೇ ಬಂದು ದಾನಪತ್ರನ ನೋಂದಣಿಗೆ ತಗೋಬಹುದು. ಡಾಕ್ಟರ್ ಸರ್ಟಿಫಿಕೇಟ್ ಇಟ್ಟು ಅರ್ಜಿ ಕೊಟ್ಟಿದ್ದೀವಿ, ಡೇಟ್ ಸಿಕ್ಕಿದ್ಮೇಲೆ ಮತ್ತೆ ಹಾಕ್ತೀನಿ.